ರಾಜನ ಕಿರುಬೆರಳು

ತಾನೇ ಬಟ್ಟೆಯ ಮೇಲೆ ಬರೆದ ದೊಡ್ಡ ಚಿತ್ರದಲ್ಲಿ ರಾಜನ ಮೀಸೆಯ ಮೇಲಿನ ಧೂಳು ಒರೆಸುತ್ತಿದ್ದ ಅವಧೂತ ಏಣಿಯಿಂದ ಇಳಿಯಲೇಬೇಕಾಯಿತು. ಬಾಗಿಲಲ್ಲಿ ಬಸವಣ್ಣೆವ್ವ ನಿಂತಿದ್ದಳು. ಕಲ್ಲಯ್ಯನ ಹೆಂಡತಿ. ಪಾರಿಶ್ವಾಡದಿಂದ ಮೊದಲ ಬಸ್ಸಿಗೇ ಬಂದಿದ್ದಳು.

"ನಮ್ಮನಿಯವರು ಹೋಗಿ ಮೂರು ತಿಂಗಳಾತ್ರಿ. ಮನ್ಯಾಗ ಇರೂದು ಬ್ಯಾನಿ ಬಂದ ಮ್ಯಾಲಿನ ಫೋಟೋ. ಅದು ಅವರ ಮಾರಿ ಅಲ್ಲ. ಇಲ್ಲಿ ಚಿತ್ರದಾಗ ರಾಜ ಆಗಿದ್ನಿ ಅಂತಿದ್ರು. ಕರೀದ ಹೋಗಬಾರದು ಅಂತ ಎಂದೂ ಇಲ್ಲಿಗೆ ಬರಲಿಲ್ಲ. ಆ ಮಾರಿ ನೋಡಾಕ ಬಂದೀನ್ರಿ."

ಇಪ್ಪತ್ತು ವರ್ಷದ ಹಿಂದೆ ಟಿಳಕವಾಡಿಯ ಈ ಸಭಾಭವನಕ್ಕೆ ರಾಜನ ಪುರಪ್ರವೇಶದ ಚಿತ್ರ ಬರೆಯುವಾಗ, ಖಾನಾಪುರದ ಸಂತೆಯಲ್ಲಿ ಕಂಡ ಕಲ್ಲಯ್ಯನನ್ನು ಅವಧೂತ ರಾಜನಾಗಿ ಕೂರಿಸಿದ್ದ. ಕುದುರೆಯ ಬದಲು ಮರದ ಪೆಟ್ಟಿಗೆ. ಹನ್ನೊಂದು ದಿನ ಕಲ್ಲಯ್ಯ ಅಲುಗಾಡದೆ ಕೂತ. ಉದ್ಘಾಟನೆಗೆ ನಾಲ್ಕು ದಿನವಿದ್ದಾಗ ಭವನ ಕಟ್ಟಿಸಿದ ದಾನಿಗಳು ತಮ್ಮ ತಂದೆಯ ಫೋಟೋ ಕೊಟ್ಟರು. ರಾಜನಿಗೆ ಈ ಮುಖವಿರಲಿ ಎಂದರು.

ಅವಧೂತ ತಕರಾರು ಮಾಡಲಿಲ್ಲ. ಹಳೆಯ ಮುಖ ಹೊಸದರ ಅಡಿಯಿಂದ ಇಣುಕಬಾರದೆಂದು, ಬಟ್ಟೆ ಕಾಣುವವರೆಗೂ ಚಾಕುವಿನಿಂದ ಕೆರೆದು ಆಮೇಲೆ ಬರೆದ. ಕೆಲಸದಲ್ಲಿ ಅವನು ಶಿಸ್ತಿನವನು. ಕಲ್ಲಯ್ಯನಿಗೆ ಆಮಂತ್ರಣ ಕಳಿಸಲಿಲ್ಲ.

"ಆಮ್ಯಾಲ ಸ್ವಲ್ಪ ಬದಲಾತ್ರಿ. ಅವರು ಅಲ್ಲಿ ಅದಾರ," ಎಂದು ಅವಧೂತ ಈಗ ಚಿತ್ರದ ಜನಸಂದಣಿಯಲ್ಲಿ ಬೆನ್ನು ತಿರುಗಿಸಿ ನಿಂತ ಒಬ್ಬನನ್ನು ತೋರಿಸಿದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ನಾಚಿಕೆಯಾಯಿತು.

ಬಸವಣ್ಣೆವ್ವ ಆ ಬೆನ್ನನ್ನು ನೋಡಲೂ ಇಲ್ಲ. ಲಗಾಮು ಹಿಡಿದ ರಾಜನ ಎಡಗೈಯನ್ನೇ ನೋಡುತ್ತಿದ್ದಳು. ಕಿರುಬೆರಳು ಸೊಟ್ಟಗಿತ್ತು. ಕೈಯನ್ನು ಯಾರು ನೋಡುತ್ತಾರೆಂದು ಅವಧೂತ ಅದನ್ನು ಹಾಗೇ ಬಿಟ್ಟಿದ್ದ.

"ಗಾಣದಾಗ ಸಿಕ್ಕಿತ್ತು ಆ ಬೆರಳ. ನಾನ ಎಣ್ಣಿ ಹಚ್ಚತಿದ್ನಿ."

ಅವಧೂತ ಧೂಳೊರೆಸುವ ಅರಿವೆ ಮಡಿಸತೊಡಗಿದ.

"ಗ್ವಾಡಿ ಕೆರದ್ರ ಹಳೇ ಸುಣ್ಣ ಕಾಣತೈತಿ. ಈ ಮಾರಿ ಕೆರದ್ರ ಅಡ್ಯಾಗ ಅವರ ಮಾರಿ ಕಾಣತೈತಲ್ರಿ?"

ಇಲ್ಲ ಎಂದರೆ ಸಾಕಿತ್ತು. ಅವತ್ತು ದಾನಿಗಳಿಗೂ ಅದೇ ಒಂದು ಮಾತು ಸಾಕಿತ್ತು. ಅದು ಆಗಲೂ ಬಾಯಿಗೆ ಬಂದಿರಲಿಲ್ಲ, ಈಗಲೂ ಬರಲಿಲ್ಲ.

"ನೋಡೂಣ್ರಿ," ಎಂದ.

"ಕೆರೀರಿ. ನಾ ಕುಂದರತೀನಿ. ಬಸ್ಸು ನಾಕಕ್ಕೈತಿ."

ಅವಧೂತ ಚಾಕು ಹಿಡಿದು ಏಣಿ ಹತ್ತಿದ. ಮೊದಲು ಮೀಸೆ ಉದುರಿತು, ಆಮೇಲೆ ಕೆನ್ನೆ, ಕಣ್ಣು. ಕೆಳಗೆ ಬಸವಣ್ಣೆವ್ವ ಎದ್ದು ನಿಂತು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಬಂದ್ರೇನ್ರಿ?"

ತೋರಣದ ಅಡಿಯಲ್ಲಿ, ಹೂ ಎರಚುವ ಕೈಗಳ ನಡುವೆ, ರಾಜ ಊರೊಳಗೆ ಬರುತ್ತಲೇ ಇದ್ದ. ಕಿರೀಟದ ಕೆಳಗೆ ಬರೀ ಬಿಳಿ ಬಟ್ಟೆಯಿತ್ತು. ಅದು ಅವಳಿಗೆ ಕಾಣದಂತೆ ಮೈ ಅಡ್ಡ ಹಿಡಿದು ಅವಧೂತ ಕೆರೆಯುತ್ತಲೇ ಹೋದ.