ಎರಡೂ ಕಡೆ ಮೂರು

ನನಗೆ ಕೋಪ ಮೂಗಿನ ತುದಿಯಲ್ಲೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಾನು ನಿವೃತ್ತಳಾದೆ, ಕೋಪ ನಿವೃತ್ತವಾಗಲಿಲ್ಲ.

2013ರ ಬೇಸಿಗೆಯಲ್ಲಿ ಪಕ್ಕದ ಸಿಂಗಾಪುರ ಹಳ್ಳಿಯ ಅಂಗನವಾಡಿ ಸಹಾಯಕಿ ದ್ರೌಪದಮ್ಮ ವಿದ್ಯಾರಣ್ಯಪುರದ ನಮ್ಮ ಮನೆಗೆ ಪಾಠಕ್ಕೆ ಬರತೊಡಗಿದಳು. ಹತ್ತನೇ ತರಗತಿಯಲ್ಲಿ ಅವಳಿಗೆ ಗಣಿತವೊಂದೇ ಬಾಕಿ. ಜೂನ್ ಪರೀಕ್ಷೆಯಲ್ಲಿ ಪಾಸಾದರೆ ಕಾರ್ಯಕರ್ತೆಯಾಗಬಹುದು. ಆಮೇಲೆ ವಯಸ್ಸು ಮೀರುತ್ತದೆ. ಇಲ್ಲದಿದ್ದರೆ ಕೊನೆಯವರೆಗೂ ಅಂಗನವಾಡಿಯಲ್ಲಿ ಪಾತ್ರೆ ತೊಳೆಯುವುದೇ.

2x + 3 = 11 ಎಂದು ಬರೆದೆ. "ಇದು ತಕ್ಕಡಿ ಕಣಮ್ಮ, ಎರಡು ತಟ್ಟೆನೂ ಸಮ. ಎಡಗಡೆ ಮೂರು ತೆಗೆದ್ರೆ ಬಲಗಡೆನೂ ಮೂರು ತೆಗೀಬೇಕು. 2x = 8. ಈಗ ಎರಡೂ ಕಡೆ ಎರಡರಿಂದ ಭಾಗಿಸು, x = 4."

ಅವಳ ಸರದಿ ಬಂದಾಗ ಎಡಗಡೆ ಮೂರು ಕಳೆದಳು, ಬಲಗಡೆ ಎರಡೇ. ಮತ್ತೆ ಹೇಳಿಕೊಟ್ಟೆ. ಮುಂದಿನ ಲೆಕ್ಕದಲ್ಲೂ ಬಲಗಡೆ ಒಂದು ಉಳಿಸಿದಳು. ವಾರವಿಡೀ ಇದೇ ಹಣೆಬರಹ.

"ಆ ಕಡೆ ಯಾಕಮ್ಮ ಒಂದು ಬಿಡ್ತೀಯ?"

"ಆ ತಟ್ಟೆ ಕೊಳ್ಳೋರ್ದಲ್ವಾ ಮೇಡಂ. ಚಿಕ್ಕೋಳಿದ್ದಾಗ ಅವ್ವನ ಜೊತೆ ಸಂತೇಲಿ ಹುರುಳಿಕಾಯಿ ತೂಗ್ತಿದ್ದೆ. ಸರಿಸಮ ತೂಗಿದ್ರೆ ಬಯ್ಯೋಳು, ಒಂಚೂರು ಕೊಸರು ಹಾಕ್ಲೇಬೇಕು. ಕೈ ಅಂಗೇ ಓಗ್ಬಿಡುತ್ತೆ."

ನಕ್ಕುಬಿಡಬಹುದಿತ್ತು. ನಾನು ಪುಸ್ತಕ ಎಸೆದೆ. "ಈ ಜನ್ಮದಲ್ಲಿ ನಿನಗೆ ಗಣಿತ ಬರಲ್ಲ. ಎದ್ದು ಹೋಗು."

ಅವಳು ಪುಸ್ತಕ ಎತ್ತಿಕೊಂಡು ಹೋದಳು. ಪರೀಕ್ಷೆಗೆ ಇನ್ನೂ ಆರು ದಿನವಿತ್ತು. ನಾನೇ ಹೋಗಿ ಕರೆಯಬೇಕಿತ್ತು, ಬರ್ತಾಳೆ ಬಿಡು ಎಂದು ಕೂತೆ.

ಪರೀಕ್ಷೆಯ ದಿನ ಹನ್ನೊಂದು ಗಂಟೆಗೆ ಸೊಪ್ಪು ತರಲು ಸಿಂಗಾಪುರಕ್ಕೆ ಹೋದೆ. ಅಂಗನವಾಡಿಯ ಬಾಗಿಲಲ್ಲಿ ದ್ರೌಪದಮ್ಮ ಅಕ್ಕಿ ಆರಿಸುತ್ತಿದ್ದಳು. ಒಂಬತ್ತೂವರೆಗೇ ಪರೀಕ್ಷೆ ಶುರುವಾಗಿತ್ತು.

"ಓಗ್ಲಿಲ್ಲ ಮೇಡಂ" ಎಂದಳು, ನಾನು ಕೇಳುವ ಮೊದಲೇ. ಮೊರ ಪಕ್ಕಕ್ಕಿಟ್ಟು ಒಳಗಿಂದ ನೋಟ್‌ಬುಕ್ ತಂದುಕೊಟ್ಟಳು. "ಸುಮ್ನೆ ಮಾಡ್ತಾ ಇದ್ದೆ."

ಇಪ್ಪತ್ತು ಲೆಕ್ಕ. ಪ್ರತಿ ಹೆಜ್ಜೆಯೂ ಬೇರೆ ಸಾಲಿನಲ್ಲಿ. ಎಡಗಡೆ ಐದು ಕಳೆದಲ್ಲಿ ಬಲಗಡೆಯೂ ಐದು, ಎಡಗಡೆ ಏಳು ಕಳೆದಲ್ಲಿ ಬಲಗಡೆಯೂ ಏಳು. ಒಂದೇ ಒಂದು ತಪ್ಪಿರಲಿಲ್ಲ.

"ಎಲ್ಲಾ ಸರಿ ಇದೆಯಲ್ಲೇ. ಯಾಕೆ ಹೋಗ್ಲಿಲ್ಲ?"

"ಸರಿ ಇದ್ಯಾ?" ಎಂದು ಅವಳು ನೋಟ್‌ಬುಕ್ಕಿನೊಳಗೆ ಬಗ್ಗಿ ನೋಡಿದಳು. "ನಂಗೆಂಗೆ ಗೊತ್ತಾಗ್ಬೇಕು ಮೇಡಂ. ನಂಗೆ ಗಣಿತ ಬರಲ್ಲ ಅಂತ ನೀವೇ ಅಂದಿದ್ರಲ್ಲ."