ಆಕ್ಷೇಪಣೆ ಪೆಟ್ಟಿಗೆಯೊಳಗಿನ ಮಣ್ಣು

ನಾನು ಒಂದು ಮರದ ಪೆಟ್ಟಿಗೆ. ಎತ್ತರ ಒಂದು ಮೊಳ, ಅಗಲ ಒಂದು ಗೇಣು. ತಲೆಯ ಮೇಲೆ ಬೀಗ ಹಾಕುವ ಮುಚ್ಚಳ, ಮುಚ್ಚಳದಲ್ಲಿ ಒಂದು ಸೀಳು. ಎದೆಯ ಮೇಲೆ ಬಿಳಿ ಬಣ್ಣದಲ್ಲಿ ‘ಸಲಹೆ ಮತ್ತು ಆಕ್ಷೇಪಣೆ’ ಎಂದು ಬರೆದಿದ್ದರು. ಈಗ ‘ಸಲಹೆ’ ಪೂರ್ತಿ ಅಳಿಸಿಹೋಗಿದೆ. ಉಳಿದದ್ದನ್ನು ಕಣ್ಣು ಕಿರಿದು ಮಾಡಿ ಓದಬೇಕು.

ನಾನು ಹುಟ್ಟಿದ್ದು ಕರಿಮಾಳ ಪುರಸಭೆಯ ಹಿತ್ತಲಿನಲ್ಲಿ. ಸುಂಕ ವಸೂಲಿ ಮಾಡುತ್ತಿದ್ದ ಹಳೆಯ ಜಕಾತಿ ಕಟ್ಟೆಯ ಬಾಗಿಲೊಂದು ಅಲ್ಲಿ ಗೋಡೆಗೆ ಒರಗಿ ಎಷ್ಟೋ ಮಳೆಗಾಲ ಕಂಡಿತ್ತು. ಬಡಿಗೇರ ಮಾನಪ್ಪ ಅದನ್ನು ಕೊಯ್ದು ನನ್ನನ್ನು ಮಾಡಿದ. ಬಾಗಿಲಿನಲ್ಲಿ ಅಗುಳಿ ಜಾರುತ್ತಿದ್ದ ಗಂಡಿ ಇತ್ತಲ್ಲ, ಅದನ್ನೇ ನನ್ನ ಬಾಯಿಯನ್ನಾಗಿ ಉಳಿಸಿಕೊಂಡ. ಹೊಸದಾಗಿ ಸೀಳು ಕೊರೆಯುವ ಕೆಲಸ ಅವನಿಗೆ ತಪ್ಪಿತು. ನೋಡಲು ಬಂದ ಹೆಡ್‌ಕ್ಲಾರ್ಕ್ ಶ್ಯಾಮರಾವ್ ಕಟ್ಟಿಯವರು ಅದರೊಳಗೆ ಎರಡು ಬೆರಳು ತೂರಿಸಿ ಮುಖ ಸಿಂಡರಿಸಿದರು.

“ಏನೋ ಮಾನಪ್ಪಾ, ಕಾಗದ ಹಾಕೋ ಕಿಂಡಿ ಮಾಡು ಅಂದರ ಇಲಿ ಹೋಗೋ ಕಿಂಡಿ ಮಾಡೀಯಲ್ಲ.”

“ಜನಾ ದೊಡ್ಡ ದೊಡ್ಡ ಅರ್ಜಿ ಬರೀಲಿ ಬಿಡ್ರಿ” ಎಂದು ಮಾನಪ್ಪ ನಕ್ಕ. ಆ ಎರಡು ಬೆರಳಿನ ಸೀಳಿನಿಂದಲೇ ನನ್ನ ಕಥೆ ನಡೆಯಿತು.

ನನ್ನನ್ನು ಪುರಸಭೆಯ ಪಡಸಾಲೆಯಲ್ಲಿ ಒಂದು ಸ್ಟೂಲಿನ ಮೇಲೆ ಇಟ್ಟರು. ನನ್ನ ಮೇಲಿನ ಗೋಡೆಗೆ, ಬಾಗಿಲಿನಷ್ಟು ದೊಡ್ಡ ನಕ್ಷೆಯೊಂದನ್ನು ತೂಗುಹಾಕಿದರು. ಅದು ಮುಂದಿನ ಇಪ್ಪತ್ತು ವರ್ಷ ಕರಿಮಾಳ ಹೇಗೆ ಬೆಳೆಯಬೇಕು ಎಂಬ ಯೋಜನೆ. ಮನೆಗಳಿಗೆ ಹಳದಿ, ಅಂಗಡಿಗಳಿಗೆ ಕೆಂಪು, ನೀರಿಗೆ ನೀಲಿ. ಮೂವತ್ತು ದಿನ ನಕ್ಷೆ ಅಲ್ಲಿರುತ್ತದೆ, ಊರವರು ನೋಡಿ ಏನಾದರೂ ತಕರಾರಿದ್ದರೆ ಬರೆದು ನನ್ನ ಬಾಯಿಗೆ ಹಾಕಬೇಕು, ಮೂವತ್ತೊಂದನೆಯ ದಿನ ಕಟ್ಟಿಯವರು ಬೀಗ ತೆಗೆಯಬೇಕು. ಆಮೇಲೆ ಯೋಜನೆ ಕಾಯಂ.

ನಕ್ಷೆ ಬರೆಯುವ ಮೊದಲು ಪಟ್ಟಣ ಅಳೆಯಲು ಜಿಲ್ಲೆಯವರು ಬಂದದ್ದು ಸುಡು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಕೆಸರು ತುಳಿದು ಯಾರು ಅಳೆಯುತ್ತಾರೆ? ಆಗ ಊರ ಕೆರೆ ಕೋಡಿ ಬಿದ್ದು ಹನ್ನೊಂದು ವರ್ಷವಾಗಿತ್ತು. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುತ್ತಿದ್ದ ದಾರಿ ಅವರ ಕಣ್ಣಿಗೆ ಬರಿಯ ಬಯಲಾಗಿ ಕಂಡಿತು. ಸಮತಟ್ಟಾದ, ಕಲ್ಲಿಲ್ಲದ, ಯಾರ ಹೆಸರಿನಲ್ಲೂ ಇಲ್ಲದ ನೆಲ. ಅದಕ್ಕೆ ಹಳದಿ ಬಳಿದು ‘ಕುಂಬಾರರ ಹೊಸ ಬಡಾವಣೆ’ ಎಂದು ಬರೆದರು. ಪೇಟೆಯ ನಡುವಿನ ಕುಂಬಾರ ಓಣಿಯಲ್ಲಿ ಮಡಕೆ ಸುಡುವ ಆವಿಗೆಯ ಹೊಗೆ ಅಂಗಡಿಯವರ ಕಣ್ಣಿಗೆ ಉರಿಯಾಗಿತ್ತು. ನಲವತ್ತೆರಡು ಮನೆಗಳನ್ನು ಎತ್ತಿ ಅಲ್ಲಿಗೆ ಹಾಕುವುದೆಂದು ತೀರ್ಮಾನವಾಯಿತು.

ಜನ ನಕ್ಷೆ ನೋಡಲು ಬಂದರು, ನಿಜ. ಆದರೆ ತಮ್ಮ ಮನೆಯ ಮೇಲೆ ರಸ್ತೆ ಬರುತ್ತದೋ ಇಲ್ಲವೋ ಎಂದು ಬೆರಳಿಟ್ಟು ನೋಡಿ, ಬರುವುದಿಲ್ಲವೆಂದು ಗೊತ್ತಾದೊಡನೆ ಹೋಗಿಬಿಡುತ್ತಿದ್ದರು. ಇಡೀ ಊರನ್ನು ನೋಡಿದವನು ಒಬ್ಬನೇ, ಕುಂಬಾರ ದ್ಯಾಮಣ್ಣ. ಐವತ್ತು ದಾಟಿದ ಒಣಕಲು ಮನುಷ್ಯ, ಮೊಣಕೈತನಕ ಮಣ್ಣು. ಓದಲು ಬಾರದು. ಪುರಸಭೆಯ ಸಿಪಾಯಿ ಮೌಲಾಸಾಬನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಕೆರೆ ಯಾವುದು, ಏರಿ ಯಾವುದು, ಹಳದಿ ಎಲ್ಲಿ ಬರುತ್ತದೆ ಎಂದು ಕೇಳಿ ತಿಳಿದುಕೊಂಡ.

ಮರುದಿನ ಶಾಲೆಯ ಮಾಸ್ತರರಿಂದ ಒಂದು ಅರ್ಜಿ ಬರೆಸಿಕೊಂಡು ಬಂದ. ಸೀದಾ ನನ್ನ ಬಾಯಿಗೆ ಹಾಕಿದ್ದರೆ ಆಗುತ್ತಿತ್ತು. ಆದರೆ ಮರ್ಯಾದಸ್ಥ, ದೊಡ್ಡವರಿಗೆ ತೋರಿಸಿಯೇ ಹಾಕಬೇಕೆಂದು ಕಟ್ಟಿಯವರ ಮೇಜಿನ ಮುಂದೆ ಹೋಗಿ ನಿಂತ.

“ಸಾಹೇಬ್ರ, ಅದು ಕೋಡಿ ನೀರು ಹರಿಯೋ ದಾರಿ ಐತ್ರಿ. ಮನಿ ಕಟ್ಟೋ ಜಾಗಾ ಅಲ್ರಿ.”

ಕಟ್ಟಿಯವರು ಅರ್ಜಿಯ ಕೆಳಗೆ ನೋಡಿದರು. “ಸಹಿ ಎಲ್ಲದ?”

“ಹೆಬ್ಬಟ್ಟು ಒತ್ತೇನ್ರಿ.”

“ಎಲ್ಲಿ ಬಿದ್ದದೋ? ಬರೇ ಮಸಿ ಅದ. ಗೆರಿನ ಇಲ್ಲ. ಇನ್ನೊಮ್ಮೆ ಒತ್ತು.”

ಇನ್ನೊಮ್ಮೆ ಒತ್ತಿದ. ಮತ್ತೊಮ್ಮೆ ಒತ್ತಿದ. ನಲವತ್ತು ವರ್ಷ ತಿರುಗುವ ತಿಗರಿಯ ಮೇಲೆ ಮಣ್ಣು ಹಿಡಿದ ಬೆರಳು ಅದು, ಗೆರೆಗಳೆಲ್ಲ ಸವೆದು ನುಣ್ಣಗಾಗಿತ್ತು. ಪ್ರತಿ ಸಲವೂ ಒಂದು ಕರಿಯ ಬೊಟ್ಟು ಮೂಡುತ್ತಿತ್ತು, ಅಷ್ಟೇ.

“ಹೆಬ್ಬಟ್ಟು ಬಿದ್ದಿಲ್ಲಪಾ. ಗುರುತಿಲ್ಲದ ಅರ್ಜಿ ನಾ ಹೆಂಗ ತಗೊಳ್ಳಿ? ನಾಳೆ ಮ್ಯಾಲಿನವರು ನನ್ನ ಕೇಳ್ತಾರ” ಎಂದು ಕಟ್ಟಿಯವರು ಕಾಗದ ಹಿಂದಿರುಗಿಸಿದರು. ಅವರು ಕೆಟ್ಟವರಲ್ಲ, ಯಾರಿಂದಲೂ ಒಂದು ಲೋಟ ಚಹಾ ಕುಡಿದವರಲ್ಲ. ನಿಯಮ ಎಂದರೆ ಅವರಿಗೆ ಪ್ರಾಣ. ಅಂಥವರಿಂದಲೂ ಅನ್ಯಾಯ ಆಗುತ್ತದೆ ಎಂಬುದನ್ನು ನಾನು ಅಂದು ಕಲಿತೆ.

ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ ದ್ಯಾಮಣ್ಣ ಮತ್ತೆ ಬಂದ. ಕಟ್ಟಿಯವರು ಊಟಕ್ಕೆ ಹೋಗಿದ್ದರು, ಮೌಲಾಸಾಬ ಬೀಡಿಗೆ ಹೋಗಿದ್ದ. ದ್ಯಾಮಣ್ಣ ಹೆಗಲ ಮೇಲಿನ ಒದ್ದೆ ಅರಿವೆ ಬಿಚ್ಚಿದ. ಅದರಲ್ಲಿ ಒಂದು ಹಿಡಿ ಮಣ್ಣಿತ್ತು, ಆ ಬಯಲಿನದೇ, ಹಿಟ್ಟಿನಂತೆ ನಯವಾದ ಮಣ್ಣು. ಅದನ್ನು ಅಂಗೈಯಲ್ಲಿ ರೊಟ್ಟಿಯಂತೆ ತಟ್ಟಿ, ನಡುವೆ ತನ್ನ ಬಲಗೈ ಹೆಬ್ಬೆರಳನ್ನು ಬಲವಾಗಿ ಒತ್ತಿದ. ಯಾವಾಗಲೋ ಮಡಕೆಯ ಚೂರು ತಾಗಿ ಆ ಬೆರಳು ಉದ್ದಕ್ಕೆ ಸೀಳಿತ್ತು, ಕಾಗದದ ಮೇಲೆ ಮಸಿ ತುಂಬಿ ಆ ಗೆರೆಯೂ ಕಂಡಿರಲಿಲ್ಲ. ಕಾಗದದ ಮೇಲೆ ಬೀಳದ ಹೆಬ್ಬೆಟ್ಟು ಮಣ್ಣಿನ ಮೇಲೆ, ಗಾಯದ ಸಮೇತ, ಆಳವಾಗಿ ಬಿತ್ತು.

“ಕಲ್ಲು ಹರಳು ಒಂದೂ ಇಲ್ಲ ನೋಡ್ರಿ ಇದರಾಗ. ನೀರು ಸೋಸಿ ತಂದು ಹಾಕಿದ ಮಣ್ಣು ಇದು. ಮಣ್ಣು ಕಂಡವರು ಯಾರರ ತಿಳ್ಕೋತಾರ” ಎಂದು ನನ್ನನ್ನೇ ಮನುಷ್ಯನೆಂದು ತಿಳಿದವನ ಹಾಗೆ ಹೇಳಿ, ಅದನ್ನು ಸೀಳಿನೊಳಗೆ ತೂರಿಸಿದ. ಇಲಿ ಹೋಗುವ ಕಿಂಡಿ ಅಂದು ಸಾರ್ಥಕವಾಯಿತು ಎಂದು ನಾನು ಹಿಗ್ಗಿದೆ.

ಹಿಗ್ಗಿದ್ದು ಎರಡೇ ದಿನ. ಹಸಿ ಮಣ್ಣು ನನ್ನ ತಳದ ಮೂಲೆಗೆ ಜಾರಿ ಕಚ್ಚಿಕೊಂಡಿತು, ಒಣಗಿ ನನ್ನ ಮೈಬಣ್ಣಕ್ಕೇ ತಿರುಗಿತು. ಕಟ್ಟಿಯವರು ಬೀಗ ತೆಗೆದು ನನ್ನನ್ನು ಬೋರಲು ಹಾಕಿ ಎರಡು ಸಲ ತಟ್ಟಿದರು. ನಾಲ್ಕು ಕಾಗದ ಬಿದ್ದವು. ಒಂದರಲ್ಲಿ ಹಂದಿಯ ಕಾಟ, ಇನ್ನೊಂದರಲ್ಲಿ ಬಸ್‌ಸ್ಟ್ಯಾಂಡು ತನ್ನ ಹೋಟೆಲಿನ ಎದುರಿಗೇ ಆಗಬೇಕೆಂಬ ಕೋರಿಕೆ, ಉಳಿದೆರಡು ಇದೇ ತರಹದವು. ಮಣ್ಣು ಬೀಳಲಿಲ್ಲ, ಅಲುಗಲಿಲ್ಲ, ಸದ್ದೂ ಮಾಡಲಿಲ್ಲ. ‘ಕುಂಬಾರರ ಬಡಾವಣೆ ಕುರಿತು ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ’ ಎಂದು ಕಟ್ಟಿಯವರು ದುಂಡನೆಯ ಅಕ್ಷರದಲ್ಲಿ ಬರೆದರು. ನಾನು ನೋಡುತ್ತಾ ಕುಳಿತಿದ್ದೆ.

ಮೂರು ವರ್ಷದ ಮೇಲೆ ನನಗೆ ಬೇರೆ ಕೆಲಸ ಬಂತು. ಬಡಾವಣೆಯಲ್ಲಿ ಯಾರಿಗೆ ಯಾವ ಮನೆ ಎಂದು ಚೀಟಿ ಎತ್ತಿಸಲು ಒಂದು ಪೆಟ್ಟಿಗೆ ಬೇಕಿತ್ತು. ಮುಚ್ಚಳ ತೆಗೆದು, ನಲವತ್ತೆರಡು ಚೀಟಿ ನನ್ನೊಳಗೆ ಸುರಿದು, ಒಬ್ಬೊಬ್ಬರೂ ಮುಖ ಆಚೆ ತಿರುಗಿಸಿ ಕೈ ಹಾಕಬೇಕೆಂದರು. ಎಷ್ಟೊಂದು ಕೈಗಳು! ಸುಕ್ಕುಗಟ್ಟಿದ ಕೈ, ಅವಸರದ ಕೈ, ಬಳೆಯ ಕೈ. ದ್ಯಾಮಣ್ಣನ ಸರದಿ ಬಂದಾಗ ಅವನ ಬೆರಳು ಚೀಟಿಗಳ ಕೆಳಗೆ ಇಳಿದು ಮೂಲೆಗೆ ತಾಗಿತು. ಅಲ್ಲೇ ನಿಂತಿತು. ನಿಧಾನವಾಗಿ ಆ ಕುಳಿಯೊಳಗೆ ಹೆಬ್ಬೆರಳಿಟ್ಟು ನೋಡಿದ. ತನ್ನದೇ.

“ಸಾಹೇಬ್ರ, ನನ್ನ ಅರ್ಜಿ ಇನ್ನೂ ಇದರಾಗ ಐತ್ರಿ” ಎಂದ.

“ಅರ್ಜಿ ಕೊಡೋ ದಿನಾ ಮುಗದು ಮೂರು ವರ್ಷಾತೋ. ಚೀಟಿ ತಗಿ, ಹಿಂದ ಮಂದಿ ನಿಂತಾರ” ಎಂದರು ಕಟ್ಟಿಯವರು. ಸರದಿಯಲ್ಲಿದ್ದವರು ನಕ್ಕರು. ಅವನ ಹೆಂಡತಿ ಕಲ್ಲವ್ವ ಮಾತ್ರ ನಗಲಿಲ್ಲ. ದ್ಯಾಮಣ್ಣ ಒಂದು ಚೀಟಿ ಹಿಡಿದು ಕೈ ಹೊರಗೆಳೆದ. ಪಾಪ, ಅವನಿಗೆ ಬಂದದ್ದು ಎಲ್ಲಕ್ಕಿಂತ ಕೆಳಗಿನ ಸಾಲಿನ ಮನೆ.

ಅಲ್ಲಿಂದ ಆರನೆಯ ವರ್ಷ, ಕೆರೆ ತುಂಬಿತು. ನಾನು ಆಗ ಹಳೆಯ ಕುರ್ಚಿಗಳ ಜೊತೆ ಪಡಸಾಲೆಯ ಪಕ್ಕದ ಕೋಣೆಯಲ್ಲಿದ್ದೆ. ಮೂರು ದಿನ ಬಿಡದೆ ಸುರಿದು, ನಾಲ್ಕನೆಯ ಬೆಳಗ್ಗೆ ಹಾಲು ಮಾರುವ ಹೊತ್ತಿಗೆ ಕೋಡಿ ಬಿತ್ತು. ನೀರಿಗೆ ನಕ್ಷೆ ಓದಲು ಬರುವುದಿಲ್ಲ. ತನ್ನ ಹಳೆಯ ದಾರಿ ಹಿಡಿದು ಹೊರಟಿತು. ಒಂದು ತಾಸಿನೊಳಗೆ ಪುರಸಭೆಯ ಪಡಸಾಲೆ ಒದ್ದೆ ಜನರಿಂದ ತುಂಬಿತು. ನಲವತ್ತೊಂದು ಮನೆಯವರು ಎಲ್ಲರೂ ಬಂದರು. ದ್ಯಾಮಣ್ಣನ ಮನೆಯಿಂದ ಕಲ್ಲವ್ವ ಒಬ್ಬಳೇ ಬಂದಳು. ಪಕ್ಕದ ಮನೆಯ ಬಾಣಂತಿಯನ್ನು ಹೊರಗೆ ತಂದು ಬಿಟ್ಟು, ಅವಳ ಅತ್ತೆಗಾಗಿ ದ್ಯಾಮಣ್ಣ ಮತ್ತೆ ಒಳಗೆ ಹೋಗಿದ್ದ. ಅವಳನ್ನು ಹೊರಗೆ ದಾಟಿಸಿದ ಮೇಲೆ ಅವನ ಮೇಲೆ ಗೋಡೆ ಬಿತ್ತು.

ವಿಚಾರಣೆಗೆ ಮೇಲಿನವರು ಬಂದರು. ಮೊದಲೇ ಯಾರಾದರೂ ಆಕ್ಷೇಪಿಸಿದ್ದರೇ ಎಂದು ಕೇಳಿದರು. ಕಟ್ಟಿಯವರು ಫೈಲು ತೆಗೆದು ತಾವೇ ಬರೆದಿದ್ದನ್ನು ಓದಿದರು. ಆಗ ಗೋಡೆಗೆ ಒರಗಿ ಕುಳಿತಿದ್ದ ಕಲ್ಲವ್ವ ಎದ್ದಳು.

“ಕೊಟ್ಟಿದ್ರು ರೀ ನಮ್ಮ ಮನಿಯವರು. ಪೆಟ್ಟಿಗಿಯೊಳಗ ಹಾಕಿ ಬಂದೀನಿ ಅಂದಿದ್ರು.”

“ಹಾಕಿದ್ದರ ಇರಬೇಕಿತ್ತಲ್ಲವ್ವಾ” ಎಂದು ಕಟ್ಟಿಯವರು ಮೆಲ್ಲಗೆ ಹೇಳಿದರು. ಅವರು ಸುಳ್ಳು ಹೇಳಲಿಲ್ಲ, ಚೀಟಿ ಎತ್ತಿದ ದಿನ ದ್ಯಾಮಣ್ಣ ಆಡಿದ ಮಾತು ಅವರಿಗೆ ನೆನಪಿರಲಿಲ್ಲ. ನಾನು ಹತ್ತು ಹೆಜ್ಜೆ ಆಚೆಗೆ, ಮುರಿದ ಕುರ್ಚಿಯ ಅಡಿಯಲ್ಲಿ ಕುಳಿತಿದ್ದೆ. ಬಾಯಿ ಇಷ್ಟಗಲ ಇದ್ದೂ ಒಂದು ಮಾತು ಆಡಲಾಗಲಿಲ್ಲ. ಆ ದಿನದ ಸಂಕಟವನ್ನು ನಾನು ಇಂದಿಗೂ ಮರೆತಿಲ್ಲ.

ನೀರು ಇಳಿಯಿತು. ಗೋಡೆಗಳಿಗೆ ತೇಪೆ ಹಾಕಿಕೊಂಡು ಜನ ಅಲ್ಲಿಗೇ ಮರಳಿದರು. ಬೇರೆ ಎಲ್ಲಿಗೆ ಹೋಗಬೇಕು? ಕಟ್ಟಿಯವರು ನಿವೃತ್ತರಾದರು. ನೆರೆಯಾಗಿ ಏಳು ವರ್ಷ ಕಳೆದ ಮೇಲೆ, ಹಳೆಯದರ ಅವಧಿ ಮುಗಿಯುವ ಮೊದಲೇ, ಪಟ್ಟಣಕ್ಕೆ ಹೊಸ ಯೋಜನೆ ಬಂತು. ಹೊಸ ನಕ್ಷೆಯನ್ನು ಹಳೆಯದರ ಮೇಲಿಟ್ಟು ನಕಲು ಮಾಡಿದ್ದರು. ಹಾಗಾಗಿ ಹಳದಿ ಹಳದಿಯಾಗಿಯೇ ಉಳಿದಿತ್ತು, ಸಾಲದ್ದಕ್ಕೆ ಅದೇ ತಗ್ಗಿನಲ್ಲಿ ಇನ್ನೂ ಅರವತ್ತು ಮನೆ ಬರೆದಿದ್ದರು. ಮತ್ತೆ ಮೂವತ್ತು ದಿನ, ಮತ್ತೆ ಒಂದು ಪೆಟ್ಟಿಗೆ ಬೇಕು. ಮೌಲಾಸಾಬ ನನ್ನನ್ನು ಹುಡುಕಿ ಧೂಳು ಕೊಡವಿ ತಂದ. ಅವನ ಗಡ್ಡ ಬೆಳ್ಳಗಾಗಿತ್ತು.

ಯೋಜನೆಯ ಕೆಲಸಕ್ಕೆ ಬಂದಿದ್ದ ಮಂದಾಕಿನಿ ಎಂಬ ಅಧಿಕಾರಿಣಿ ನನ್ನನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಿದರು. ಜೇಡರ ಬಲೆ ತೆಗೆಯುತ್ತಾ ಮೂಲೆಯ ಮಣ್ಣನ್ನು ಚಮಚದಿಂದ ಕೆರೆಯಹೊರಟವರು ಅರ್ಧಕ್ಕೇ ಕೈ ನಿಲ್ಲಿಸಿದರು. ಅಂಚಿಗೆ ಚಮಚ ಹಾಕಿ ಮೆಲ್ಲನೆ ಎಬ್ಬಿಸಿದರು. ಹದಿನಾರು ವರ್ಷದ ಮೇಲೆ ಅದು ನನ್ನಿಂದ ಬಿಟ್ಟಿತು.

“ಇದರ ಮೇಲೆ ಯಾರದೋ ಬೆರಳಿನ ಗುರುತಿದೆಯಲ್ಲ ಮೌಲಾಸಾಬ್?”

ಮೌಲಾಸಾಬ ಬಗ್ಗಿ ನೋಡಿ ನೆಲದ ಮೇಲೆ ಕುಳಿತೇಬಿಟ್ಟ. “ಇದು ಕುಂಬಾರ ದ್ಯಾಮಣ್ಣಂದ್ರಿ ಮೇಡಂ. ಅಂವಂದು ಹೆಬ್ಬಟ್ಟು ಹಿಂಗ ಸೀಳಿತ್ತು.” ಆಮೇಲೆ, ಕಾಗದದ ಮೇಲೆ ಮೂಡದ ಹೆಬ್ಬೆಟ್ಟಿನ ಕಥೆಯನ್ನೆಲ್ಲ ಹೇಳಿದ.

ಮಂದಾಕಿನಿಯವರು ಅಂದೇ ಕಲ್ಲವ್ವನನ್ನು ಕರೆಸಿದರು. ಕಟ್ಟಿಯವರ ಮನೆಗೂ ಹೇಳಿ ಕಳಿಸಿದರು. ಅವರು ಕೋಲೂರಿಕೊಂಡು ಬಂದರು. ಮೇಜಿನ ಮೇಲೆ ಹೊಸ ನಕ್ಷೆ, ನಕ್ಷೆಯ ಹಳದಿಯ ಮೇಲೆ ಆ ಮಣ್ಣಿನ ಬಿಲ್ಲೆ. ಕಲ್ಲವ್ವ ಅಳಲಿಲ್ಲ. ತನ್ನ ಹೆಬ್ಬೆರಳನ್ನು ಗಂಡನ ಹೆಬ್ಬೆಟ್ಟಿನ ಕುಳಿಯಲ್ಲಿ ಇಟ್ಟಳು. ಕುಳಿ ದೊಡ್ಡದು, ಅವಳ ಬೆರಳು ಸಣ್ಣದು. ಆಮೇಲೆ ಬಿಲ್ಲೆಯನ್ನು ಕಟ್ಟಿಯವರ ಕಡೆಗೆ ಸರಿಸಿದಳು.

“ಈಗರ ಓದ್ರಿ” ಎಂದಳು.

ಕಟ್ಟಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಗ್ಗಿ, ಬೆರಳಿನಿಂದ ಆ ಸೀಳಿನ ಗೆರೆ ಮುಟ್ಟಿದರು.

“ಬಿದ್ದದವ್ವಾ” ಎಂದರು. “ಹೆಬ್ಬಟ್ಟು ಬಿದ್ದದ.”

ಅರವತ್ತು ಮನೆಗಳ ಯೋಜನೆ ಕೈಬಿಟ್ಟರು. ಹಳದಿಯ ಮೇಲೆ ಕೆರೆಯಿಂದ ಹೊಲದತನಕ ಒಂದು ನೀಲಿ ಗೆರೆ ಬಂತು. ನಲವತ್ತೆರಡು ಮನೆಯವರಿಗೆ ದಿಬ್ಬದ ಮೇಲೆ ಜಾಗ ಗುರುತಾಗಿದೆ. ಇಲ್ಲಿಯವರೆಗೆ ಹತ್ತೊಂಬತ್ತು ಮನೆಯವರು ಹೋಗಿದ್ದಾರೆ, ಕಲ್ಲವ್ವ ಇನ್ನೂ ಹೋಗಿಲ್ಲ. ಉಳಿದವರ ಕಾಗದ ತಿರುಗಾಡುತ್ತಿದೆ.

ಮಣ್ಣನ್ನು ಫೈಲಿಗೆ ಹೊಲಿಯಲು ಬರುವುದಿಲ್ಲ. ಅದಕ್ಕೆ ಬಿಲ್ಲೆಯನ್ನು ಮತ್ತೆ ನನ್ನೊಳಗೇ ಇಟ್ಟು, ಬೀಗ ಹಾಕಿ, ನನ್ನ ಹಣೆಗೆ ‘ಆಕ್ಷೇಪಣೆ ಒಂದು’ ಎಂದು ಚೀಟಿ ಅಂಟಿಸಿ ದಾಖಲೆ ಕೋಣೆಯ ಕಪಾಟಿನಲ್ಲಿ ಕೂರಿಸಿದ್ದಾರೆ. ಇನ್ನು ನನಗೆ ಬೇರೆ ಕೆಲಸವಿಲ್ಲ. ಗೆದ್ದಲು ಹಿಂಬದಿಯಿಂದ ಹತ್ತಿದೆ, ಅದೂ ಗೊತ್ತು. ಈಗ ಮಣ್ಣು ನನ್ನ ಮೂಲೆಗೆ ಅಂಟಿಕೊಂಡಿಲ್ಲ. ಬೇರೆ ಯಾವುದೋ ಫೈಲು ಹುಡುಕುವವರು ನನ್ನನ್ನು ಪಕ್ಕಕ್ಕೆ ಸರಿಸಿದರೆ ಅದು ಒಳಗೆ ಉರುಳಿ ಲೊಟಲೊಟನೆ ಸದ್ದು ಮಾಡುತ್ತದೆ. ಕೇಳಿದವರು ಏನಿದು ಎಂದು ನಿಂತು ನೋಡುತ್ತಾರೆ. ಕಟ್ಟಿಯವರು ನನ್ನನ್ನು ಬೋರಲು ಹಾಕಿ ತಟ್ಟಿದ ಆ ದಿನ ಇಷ್ಟೇ ಇಷ್ಟು ಸದ್ದು ಬಂದಿದ್ದರೂ ಸಾಕಿತ್ತು, ದ್ಯಾಮಣ್ಣ ಬದುಕಿರುತ್ತಿದ್ದ.