ಮಾಗುವ ಉಸಿರು

ಕರೆಂಟ್ ಹೋದದ್ದೇ ಶೇಕರುಗಳೆರಡೂ ನಿಂತವು. ಅವುಗಳ ಮೇಲೆ ಅಷ್ಟು ಹೊತ್ತೂ ಮೆಲ್ಲಗೆ ತೂಗುತ್ತಿದ್ದ ಗಾಜಿನ ಫ್ಲಾಸ್ಕುಗಳಲ್ಲಿ ಸುಗಂಧಿ ಬಾಳೆಯ ಜೀವಕೋಶಗಳು ನೆನೆಸಿದ ರವೆಯಂತೆ ತಳಕ್ಕಿಳಿಯತೊಡಗಿದವು. ಹೀಗೇ ಬಿಟ್ಟರೆ ಗಾಳಿಯಾಡದೆ ಸಾಯುತ್ತವೆ. ಇನ್ವರ್ಟರ್ ಎಳೆಯುವುದು ಒಂದೇ ಶೇಕರನ್ನು. ಒಂದು ಶಾಂಭವಿಯದು, ಇನ್ನೊಂದು ಅನುಸೂಯಾಳದು.

ಹೊಸಪೇಟೆಯ ಆ ಸಣ್ಣ ಲ್ಯಾಬಿಗೆ ಇಬ್ಬರೂ ಜೊತೆಗೇ ಸೇರಿದವರು. ಕಾಯಿ ಹಣ್ಣಾಗುವಾಗ ತಾನೇ ಬಿಡುವ ಎಥಿಲೀನ್ ಅನಿಲವನ್ನು, ಗಿಡವೇ ಇಲ್ಲದೆ ಬೆಳೆಸಿದ ಕೋಶಗಳಿಂದಲೂ ಹೊರಡಿಸುವುದು ಅವರ ಕೆಲಸ. ಶಾಂಭವಿ ಕಂಪ್ಲಿಯ ರೈಸ್‌ಮಿಲ್ಲಿನವರ ಮಗಳು. ಅವಳ ಕೋಶಗಳು ತಿಂಗಳುಗಟ್ಟಲೆ ಮೂಕವಾಗಿದ್ದವು. ಚೋರನೂರಿನ ಕೂಲಿಯವರ ಮಗಳು ಅನುಸೂಯಾ ಮುಟ್ಟಿದ್ದೆಲ್ಲ ಅನಿಲ ಬಿಡುತ್ತಿತ್ತು. "ಅನುಸೂಯಾನ್ನ ಕೇಳಿ ಮಾಡ್ರಿ" ಎಂದು ಲ್ಯಾಬಿನ ಮುಖ್ಯಸ್ಥ ಮರಿಸ್ವಾಮಿ ಸರ್ ಎಲ್ಲರೆದುರು ಅಂದ ದಿನ ಶಾಂಭವಿ ಊಟದ ಡಬ್ಬಿ ತೆರೆದಿರಲಿಲ್ಲ.

ನಿನ್ನೆ ಊರಿಗೆ ಹೊರಟಾಗ ಅನುಸೂಯಾ ಹೇಳಿದ್ದಳು, "ನನ್ನವೂ ಸ್ವಲ್ಪ ನೋಡ್ರಿ ಅಕ್ಕಾ."

ಶಾಂಭವಿ ತನ್ನ ಶೇಕರಿನ ಪ್ಲಗ್ಗನ್ನು ಇನ್ವರ್ಟರಿಗೆ ಸಿಕ್ಕಿಸಿದಳು. ನಡುನಡುವೆ ಬದಲಿಸಿದ್ದರೆ ಎರಡೂ ಉಳಿಯುತ್ತಿದ್ದವು. ಅದು ಗೊತ್ತಿತ್ತು. ಸಂಜೆಯಾದರೂ ಕರೆಂಟ್ ಬರಲಿಲ್ಲ. ಪಕ್ಕದ ಫ್ಲಾಸ್ಕುಗಳಿಗೆ ಬೆನ್ನು ಮಾಡಿ ಕೂತೇ ಇದ್ದಳು.

ಮರುದಿನ ಬೆಳಿಗ್ಗೆ ಕರೆಂಟ್ ಬಂದಿತ್ತು. ತನ್ನ ಫ್ಲಾಸ್ಕಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಅನಿಲ ಅಳೆಯುವ ಯಂತ್ರಕ್ಕೆ ಕೊಟ್ಟಳು. ಪರದೆಯ ಮೇಲೆ ತೆವಳುತ್ತಿದ್ದ ಗೆರೆ ಸಟ್ಟನೆ ತಲೆಯೆತ್ತಿತು. ಸಣ್ಣದು, ಆದರೂ ಎಥಿಲೀನ್! ಕೂಗಿ ಹೇಳಬೇಕೆನಿಸಿತು. ಯಾರಿಗೆ?

ಅಷ್ಟರಲ್ಲಿ ಅನುಸೂಯಾ ಬಂದಳು. ತನ್ನ ಫ್ಲಾಸ್ಕನ್ನು ಬೆಳಕಿಗೆ ಹಿಡಿದಳು. ಕೋಶಗಳು ಕಂದಿ ಕಪ್ಪಾಗಿದ್ದವು.

"ಇನ್ವರ್ಟರ್ ಇತ್ತಲ್ರಿ?"

"ಒಂದಕ್ಕಷ್ಟ ಆಗ್ತೈತಲ್ಲ," ಎಂದಳು ಶಾಂಭವಿ.

ಅನುಸೂಯಾ ಪ್ಲಗ್ಗನ್ನು ನೋಡಿದಳು, ಶಾಂಭವಿಯನ್ನು ನೋಡಿದಳು. ಆಮೇಲೆ ಕಣ್ಣು ಪರದೆಗೆ ಹೋಯಿತು.

"ಅಕ್ಕಾ, ಬಂತಲ್ರಿ! ಭಾಳ ಚಂದ ಬಂದೈತ್ರಿ!"

ಅವಳ ಮುಖ ಅರಳಿತ್ತು. ಕಣ್ಣಂಚಿನ ನೀರು ಇನ್ನೂ ಅಲ್ಲೇ ಇತ್ತು. ಆ ನಗೆ ಕಂಡೂ ಶಾಂಭವಿಗೆ ಹೊಟ್ಟೆ ಉರಿಯಿತು. ಅವಳ ಗೆರೆ ಏರಿದಾಗ ತನಗೆ ಒಮ್ಮೆಯೂ ಹಾಗೆ ನಗಲು ಆಗಿರಲಿಲ್ಲ.

ಅನುಸೂಯಾ ಚೀಲದಿಂದ ಸೀತಾಫಲ ತೆಗೆದು ಮೇಜಿನ ಮೇಲಿಟ್ಟಳು. "ಗುಡ್ಡದವು. ಅವ್ವ ನಿಮಗಂತ ಕೊಟ್ಟಾಳ್ರಿ. ಇನ್ನೂ ಕಾಯಿ ಅದಾವ, ಅಕ್ಕ್ಯಾಗ ಇಡ್ರಿ, ಹಣ್ಣಾಗ್ತಾವ."

ಸಂಜೆ ಕಂಪ್ಲಿ ಬಸ್ಸಿನಲ್ಲಿ ಶಾಂಭವಿ ಅವುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೆಬ್ಬೆರಳು ತನ್ನಷ್ಟಕ್ಕೆ ಒಂದೊಂದನ್ನೇ ಒತ್ತಿ ನೋಡುತ್ತಿತ್ತು. ಎಲ್ಲವೂ ಕಲ್ಲಿನಂತಿದ್ದವು.